ಅರಿವಳಿಕೆಯೊಳಗೆ ಉಪವಿಭಾಗಗಳು: ಹಗಲಿನ ಹಂಚಿಕೆ ಸರಿ, ರಾತ್ರಿ ಪಾಳಿಗೆ ಯಾರು?

(ಅರಿವಳಿಕೆ ವಿಭಾಗದವರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಪಾಳಿಪಟ್ಟಿ (ಬೆಂಗಳೂರು)

ಹೃದಯಕ್ಕೆ ಬೇರೆ ಅನಸ್ತೇಶಿಯಾ ಡಾಕ್ಟರು, ಮೆದುಳಿಗೆ ಬೇರೆ, ಮಕ್ಕಳಿಗೆ ಬೇರೆ, ಹೆರಿಗೆಗೆ ಬೇರೆ. ಹಿಂದೆ ದೊಡ್ಡ ಸಂಸ್ಥೆಗಳಲ್ಲಷ್ಟೇ ಇದ್ದ ಈ ಹಂಚಿಕೆ ಈಗ 300 ಹಾಸಿಗೆಯ ಆಸ್ಪತ್ರೆಗಳಿಗೂ ಬಂದಿದೆ. ಸರ್ಜನ್‌ಗಳು ಕೇಳುತ್ತಾರೆ, ಆಡಳಿತ ಮಂಡಳಿ ಕೇಳುತ್ತೆ, ಡಿಎಂ (ಎಂಡಿ ಮೇಲಿನ ಉಪವಿಭಾಗದ ಪದವಿ) ಮುಗಿಸಿ ಬಂದವರು ಓದಿದ ಕೆಲಸವನ್ನೇ ಕೊಡಿ ಅನ್ನುತ್ತಾರೆ. ಮೂವರು ಕೇಳುವುದೂ ನ್ಯಾಯವೇ. ಆದರೆ ಪಾಳಿ ಲೆಕ್ಕ ಹಾಕದೆ ಒಡೆದರೆ ವರ್ಷದೊಳಗೆ ವಿಭಾಗವೇ ಬಸವಳಿಯುತ್ತೆ.

ಲೆಕ್ಕ ನೋಡಿ. 12 ಜನ ಕನ್ಸಲ್ಟೆಂಟ್‌ಗಳಿದ್ದಾರೆ ಅಂದುಕೊಳ್ಳೋಣ. ಒಬ್ಬರು ಇಂದಿನ ರಾತ್ರಿಗೆ, ಒಬ್ಬರು ನಿನ್ನೆ ರಾತ್ರಿ ಮುಗಿಸಿ ಮನೆಗೆ, ಒಬ್ಬರೋ ಇಬ್ಬರೋ ರಜೆಯಲ್ಲಿ. ಹಗಲಿಗೆ ಉಳಿದವರು 8 ಅಥವಾ 9. ಆರು ಓಟಿ (ಆಪರೇಷನ್ ಕೋಣೆ), ಹೃದಯದ ರಕ್ತನಾಳ ನೋಡುವ ಒಂದು ಕ್ಯಾಥ್‌ಲ್ಯಾಬ್, ಎಂಆರ್‌ಐ, ಆಪರೇಷನ್‌ಗೆ ಮುಂಚಿನ ತಪಾಸಣೆಯ ಓಪಿಡಿ ಸೇರಿದರೆ ಒಂಬತ್ತು ಜಾಗ. ಅಲ್ಲಿಗೇ ಎಲ್ಲರೂ ಮುಗಿದರು. ಈಗ ನಾಲ್ಕು ಉಪವಿಭಾಗ ಮಾಡಿ, ಪ್ರತಿಯೊಂದಕ್ಕೂ ಬೇರೆ ರಾತ್ರಿ ಕಾಲ್ (ಕರೆದರೆ ಬರುವ ಸರದಿ) ಅಂದರೆ ತಲಾ ಮೂವರು. ಮೂರು ರಾತ್ರಿಗೊಮ್ಮೆ ಕಾಲ್. ಒಬ್ಬರು ರಜೆ ಹಾಕಿದರೆ ದಿನ ಬಿಟ್ಟು ದಿನ. ನಾಲ್ಕು ರಾತ್ರಿಗೊಮ್ಮೆ ಅಂತ ಇಟ್ಟರೂ 16 ಜನ ಬೇಕು.

ಒಡೆಯಬೇಕೋ ಬೇಡವೋ ಅನ್ನುವುದನ್ನು ಕೇಳುತ್ತಿಲ್ಲ. ಯಾವ ಕೆಲಸಕ್ಕೆ ನಿಜವಾಗಿ ಬೇರೆಯೇ ಕೈ ಬೇಕು, ಯಾವುದನ್ನು ಎಲ್ಲರೂ ಕಲಿತಿರಲೇಬೇಕು? ಅವರವರ ಕ್ಷೇತ್ರದವರು ಡೋಸ್, ಹಂತ, ಎಡವಟ್ಟು ಸಮೇತ ಬರೆಯಿರಿ.

ಹಳೇಪುಟ

ಇದು ಹೊಸ ಗಾಳಿಯಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಉಸಿರಾಡಲಾಗದ ರೋಗಿಗಳಿಗೆ ಕುತ್ತಿಗೆಯಲ್ಲಿ ಟ್ಯೂಬ್ ಇಟ್ಟು ಕೈಯಿಂದ ಬ್ಯಾಗ್ ಒತ್ತಿಸಬಹುದು ಎಂದು ತೋರಿಸಿಕೊಟ್ಟವರು ಬ್ಯೋರ್ನ್ ಇಬ್ಸೆನ್. ಅವರು ಅರಿವಳಿಕೆ ತಜ್ಞರು. ವೈದ್ಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಬ್ಯಾಗ್ ಒತ್ತಿದರು. ಇವತ್ತಿನ ಐಸಿಯು ಬೆಳೆದದ್ದು ಅಲ್ಲಿಂದ. ಹುಟ್ಟಿದ ಮಗುವಿಗೆ ಕೊಡುವ ಅಪ್ಗಾರ್ ಅಂಕವನ್ನು ರೂಪಿಸಿದ ವರ್ಜೀನಿಯಾ ಅಪ್ಗಾರ್ ಕೂಡ ಅರಿವಳಿಕೆಯವರೇ.

ಅಮೆರಿಕದಲ್ಲಿ ಅರಿವಳಿಕೆ ಮಂಡಳಿ ತೀವ್ರ ನಿಗಾಕ್ಕೆ ಬೇರೆ ಪರೀಕ್ಷೆ ಶುರುಮಾಡಿದ್ದು 1986ರಲ್ಲಿ, ನೋವು ಚಿಕಿತ್ಸೆಗೆ 1993ರಲ್ಲಿ, ಮಕ್ಕಳ ಅರಿವಳಿಕೆಗೆ 2013ರಲ್ಲಿ. ಭಾರತದಲ್ಲಿ ಎಂಡಿ ಮೂರು ವರ್ಷ, ಅದರ ಮೇಲೆ ಡಿಎಂ ಇನ್ನೂ ಮೂರು. ನಮ್ಮ ನಿಮ್ಹಾನ್ಸ್‌ನಲ್ಲಿ ನರ ಅರಿವಳಿಕೆಯ ಡಿಎಂ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯದ್ದೂ ನರದ್ದೂ ಇದೆ.

ಪಂಪಿನ ಪಕ್ಕ

ಹೃದಯದ ಓಟಿಗೆ ಬೇರೆ ಕೈ ಬೇಕು. ಔಷಧ ಬೇರೆ ಅನ್ನುವುದಕ್ಕಲ್ಲ. ಹೃದಯವನ್ನು ಪಂಪಿಗೆ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಹಾಕುವಾಗ, ಇಳಿಸುವಾಗ ಸರ್ಜನ್, ಪರ್ಫ್ಯೂಷನಿಸ್ಟ್ (ಪಂಪ್ ನಡೆಸುವವರು), ಅರಿವಳಿಕೆಯವರು ಮೂವರ ಕೈಯೂ ಒಂದೇ ಸಮಯಕ್ಕೆ ಕೂಡಬೇಕು. ವಾರಕ್ಕೊಮ್ಮೆ ಮಾಡುವವರಿಗೆ ಆ ತಾಳ ಸಿಗಲ್ಲ.

ಪಂಪಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತಗೊಳ್ಳಿ. 60 ಕೆಜಿ ರೋಗಿಗೆ ಕೆಜಿಗೆ 400 ಯೂನಿಟ್‌ನಂತೆ 24,000 ಯೂನಿಟ್. ನಮ್ಮಲ್ಲಿ 5 ಮಿಲಿ ವಯಲ್ ಎರಡು ಬಗೆ ಬರುತ್ತೆ, ಮಿಲಿಗೆ 1,000 ಯೂನಿಟ್‌ನದು ಮತ್ತು 5,000 ಯೂನಿಟ್‌ನದು. ಮೊದಲನೆಯದರಲ್ಲಿ 24 ಮಿಲಿ ಎಳೆಯಬೇಕು, ಎರಡನೆಯದರಲ್ಲಿ 5 ಮಿಲಿಗೂ ಕಮ್ಮಿ. ಅದಲು ಬದಲಾದರೆ ಐದು ಪಟ್ಟು ಹೆಚ್ಚು, ಇಲ್ಲವೇ ಐದರಲ್ಲೊಂದು ಪಾಲು. ಸೆಂಟ್ರಲ್ ಲೈನಿನಲ್ಲಿ ರಕ್ತ ಹಿಂದಕ್ಕೆ ಬರುತ್ತಾ ನೋಡಿ ಕೊಡಿ, ಮೂರು ನಿಮಿಷ ಬಿಟ್ಟು ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಕಳಿಸಿ. ಬಹುಪಾಲು ಕಡೆ 480 ಸೆಕೆಂಡ್ ದಾಟದೆ ಪಂಪ್ ಹತ್ತುವಂತಿಲ್ಲ. ಏರಲಿಲ್ಲವೆಂದರೆ ಮೊದಲು ವಯಲ್ ನೋಡಿ, ಲೈನ್ ನೋಡಿ. ಆಮೇಲೆ ಇನ್ನಷ್ಟು ಹೆಪಾರಿನ್. ಆಗಲೂ ಏರದಿದ್ದರೆ ಆಂಟಿಥ್ರಾಂಬಿನ್ (ಹೆಪಾರಿನ್ ಕೆಲಸಕ್ಕೆ ಬೇಕಾದ ಪ್ರೋಟೀನ್) ಕೊರತೆ ಅಂತ ತಿಳಿದು ಎಫ್‌ಎಫ್‌ಪಿ (ಪ್ಲಾಸ್ಮಾ) ತರಿಸಿ.

ಕೊನೆಗೆ ಹೆಪಾರಿನ್ ಇಳಿಸುವ ಪ್ರೊಟಮಿನ್‌ನಲ್ಲಿ ಇನ್ನೂ ಎಚ್ಚರ ಬೇಕು. 100 ಯೂನಿಟ್ ಹೆಪಾರಿನ್‌ಗೆ 1 ಮಿಗ್ರಾಂ ಲೆಕ್ಕದಲ್ಲಿ 240 ಮಿಗ್ರಾಂ, 10ರಿಂದ 15 ನಿಮಿಷ ಹಿಡಿದು. ಮೂರನೇ ಒಂದು ಪಾಲು ಹೋಗುವಷ್ಟರಲ್ಲಿ ಪಂಪ್ ಸಕ್ಷನ್ ನಿಲ್ಲಬೇಕು, ಇಲ್ಲದಿದ್ದರೆ ಪ್ರೊಟಮಿನ್ ಬೆರೆತ ರಕ್ತ ಪಂಪಿಗೆ ಹೋಗಿ ಅಲ್ಲೇ ಹೆಪ್ಪುಗಟ್ಟುತ್ತೆ. ಮತ್ತೆ ಪಂಪ್ ಹತ್ತಬೇಕಾದ ಹೊತ್ತಿಗೆ ಪಂಪೇ ಇರುವುದಿಲ್ಲ. "ಪ್ರೊಟಮಿನ್ ಮೂರನೇ ಒಂದು, ಸಕ್ಷನ್ ನಿಲ್ಲಿಸಿ" ಅಂತ ಗಟ್ಟಿಯಾಗಿ ಹೇಳಿ, ಪರ್ಫ್ಯೂಷನಿಸ್ಟ್ ಅದನ್ನೇ ವಾಪಸ್ ಹೇಳಬೇಕು. ಬಿಪಿ ಇಳಿದು ಪಲ್ಮನರಿ ಒತ್ತಡ ಏರಿತೆಂದರೆ ಪ್ರೊಟಮಿನ್ ನಿಲ್ಲಿಸಿ ಅಡ್ರಿನಾಲಿನ್ ಹಿಡಿಯಿರಿ.

ಇನ್ನು ಟಿಇಇ, ಅಂದರೆ ಅನ್ನನಾಳಕ್ಕೆ ಪ್ರೋಬ್ ಇಳಿಸಿ ನೋಡುವ ಹೃದಯದ ಎಕೋ. ಪ್ರೋಬ್ ಇಳಿಸುವುದನ್ನು ತಿಂಗಳಲ್ಲಿ ಕಲಿಯಬಹುದು, ನೋಡಿದ್ದನ್ನು ತೂಗುವುದಕ್ಕೆ ವರ್ಷಗಳು ಬೇಕು. ಒಂದೇ ಉದಾಹರಣೆ: ಎಚ್ಚರವಿದ್ದಾಗ ಜೋರಾಗಿ ಸೋರುತ್ತಿದ್ದ ಮೈಟ್ರಲ್ ಕವಾಟ, ಅರಿವಳಿಕೆ ಕೊಟ್ಟ ಮೇಲೆ ಬಿಪಿ ಇಳಿದು ಸಾಧಾರಣ ಸೋರಿಕೆಯಂತೆ ಕಾಣುತ್ತೆ. ಫಿನೈಲ್‌ಎಫ್ರಿನ್ ಕೊಟ್ಟು ಬಿಪಿಯನ್ನು ರೋಗಿಯ ಮಾಮೂಲಿ ಮಟ್ಟಕ್ಕೆ ತಂದು ನೋಡದೆ "ರಿಪೇರಿ ಬೇಡ" ಅಂದರೆ ರೋಗಿ ಸೋರುವ ಕವಾಟ ಹೊತ್ತೇ ಮನೆಗೆ ಹೋಗ್ತಾರೆ.

ತಾಲ್ಲೂಕು ಓಟಿ (ಧಾರವಾಡ ಕಡೆ)

ಎಲ್ಲಾ ಖರೆ ಸರ್, ಆದ್ರ ಇನ್ನೊಂದು ಕಡೆನೂ ನೋಡ್ರಿ. ಇದೇ ರಾಜ್ಯದಾಗ ತಾಲ್ಲೂಕು ಆಸ್ಪತ್ರ್ಯಾಗ ಸಿಸೇರಿಯನ್‌ಗೆ ಅರಿವಳಿಕೆ ಕೊಡ್ಲಿಕ್ಕೆ ಎಂಬಿಬಿಎಸ್ ಡಾಕ್ಟರ್‌ಗೆ 18 ವಾರದ ತರಬೇತಿ ಕೊಟ್ಟು ನಿಲ್ಲಿಸ್ಯಾರ. ಜೀವ ಉಳಿಸುವ ಅರಿವಳಿಕೆ ಕೌಶಲ ಅಂತ ಅದರ ಹೆಸರು. ಒಂದು ತುದಿಗೆ 18 ವಾರ, ಇನ್ನೊಂದು ತುದಿಗೆ ಎಂಬಿಬಿಎಸ್ ಮ್ಯಾಲ ಆರು ವರ್ಷ. ಮ್ಯಾಲಿನವರು ಕಲಿತದ್ದು ಕೆಳಗ ಇಳಿದು ಬರಬೇಕು. ಹೆರಿಗೆ ಅರಿವಳಿಕೆ ಅನ್ನೂದನ್ನ ದೊಡ್ಡ ಆಸ್ಪತ್ರಿ ಒಳಗ ಕೀಲಿ ಹಾಕಿ ಇಟ್ರ ಯಾರಿಗೆ ಉಪಯೋಗ?

ಬೆನ್ನಿನ ಇಂಜೆಕ್ಷನ್ (ಸ್ಪೈನಲ್) ಎಲ್ಲಾರೂ ಕೊಡ್ತಾರ. ಎಡವೂದು ಸಣ್ಣ ಸಣ್ಣ ಕಡೆ. ಜೋಮು ಹಿಡಿಸೂ ಹೆವಿ ಬುಪಿವಕೇನ್ ಶೇ 0.5ರದ್ದು 2ರಿಂದ 2.2 ಮಿಲಿ, ಜೊತಿಗೆ ಫೆಂಟನಿಲ್ 10ರಿಂದ 20 ಮೈಕ್ರೋಗ್ರಾಂ. ಮಲಗಿಸಿದ ಕೂಡಲೆ ಎಡಕ್ಕೆ 15 ಡಿಗ್ರಿ ವಾಲಿಸಬೇಕು, ಗರ್ಭಕೋಶ ದೊಡ್ಡ ರಕ್ತನಾಳದ ಮ್ಯಾಲ ಕೂಡಬಾರದು. ಬಿಪಿ ಇಳಿದ ಮ್ಯಾಲ ಓಡೂದಲ್ಲ, ಇಳೀಲಾರದಂಗ ಹಿಡೀಬೇಕು. ಫಿನೈಲ್‌ಎಫ್ರಿನ್ ಆಂಪೂಲ್‌ದಾಗ ಮಿಲಿಗೆ 10 ಮಿಗ್ರಾಂ ಇರ್ತದ, ಹಂಗೇ ಕೊಡೂದು ಅಪಾಯ. 100 ಮಿಲಿ ಸಲೈನ್‌ಗೆ ಹಾಕಿದ್ರ ಮಿಲಿಗೆ 100 ಮೈಕ್ರೋಗ್ರಾಂ. ನಿಮಿಷಕ್ಕ 25ರಿಂದ 50 ಮೈಕ್ರೋಗ್ರಾಂ, ಅಂದ್ರ ಸಿರಿಂಜ್ ಪಂಪ್‌ದಾಗ ತಾಸಿಗೆ 15ರಿಂದ 30 ಮಿಲಿ. ಮೇಲಿನ ಬಿಪಿ ಮೊದಲಿದ್ದದ್ದರ ಶೇ 90ಕ್ಕಿಂತ ಕೆಳಗ ಹೋಗಬಾರದು. ಕೂಸು ಹೊರಗ ಬಂದ ಮ್ಯಾಲ ಆಕ್ಸಿಟೋಸಿನ್ 10 ಯೂನಿಟ್ ಒಮ್ಮೆಲೆ ಶಿರಾದಾಗ ತಳ್ಳೂದು ಇನ್ನೂ ಕೆಲವು ಕಡೆ ನಡೀತದ. ಬಿಪಿ ಧಸಕ್ಕನ ಇಳೀತದ, ರಕ್ತ ಹೋದಾಕಿಗೆ ಜೀವಕ್ಕ ಕುತ್ತು. 1ರಿಂದ 3 ಯೂನಿಟ್ ಸಾವಕಾಶ ಕೊಟ್ಟು, ಉಳಿದದ್ದು ಡ್ರಿಪ್‌ದಾಗ.

ಎಲ್ಲಾಕಿಂತ ಭಯ ಬೀಳೂದು ಟ್ರಾನೆಕ್ಸಾಮಿಕ್ ಆಸಿಡ್ ಬೆನ್ನಾಗ ಹೋಗೂದಕ್ಕ. ರಕ್ತಸ್ರಾವಕ್ಕ ಅದು 1 ಗ್ರಾಂ, ಮೂರು ತಾಸಿನೊಳಗ ಕೊಟ್ರ ಜೀವ ಉಳಿಸ್ತದ, ಹಿಂಗಾಗಿ ಪ್ರತಿ ಹೆರಿಗೆ ಓಟ್ಯಾಗೂ ಬಂದದ. ಆದ್ರ ಕೆಲವು ಕಂಪನಿ ಆಂಪೂಲ್ ಹೆವಿ ಬುಪಿವಕೇನ್ ಆಂಪೂಲ್‌ನಂಗೇ ಕಾಣ್ತದ. ತಪ್ಪಿ ಬೆನ್ನಾಗ ಹೋದ್ರ ಬೆನ್ನು ಕಾಲು ಉರಿ, ಆಮ್ಯಾಲ ಸ್ನಾಯು ಜಗ್ಗೂದು, ಫಿಟ್ಸ್, ಹೃದಯದ ತಾಳ ತಪ್ಪೂದು. ಭಾಳ ಮಂದಿ ಉಳಿಯೂದಿಲ್ಲ. ಇದಕ್ಕ ಡಿಎಂ ಬ್ಯಾಡ, ಕಪಾಟಿನ ವ್ಯವಸ್ಥಾ ಬೇಕು. ಸ್ಪೈನಲ್ ಟ್ರೇ ಇರೂ ಕೋಣ್ಯಾಗ ಟ್ರಾನೆಕ್ಸಾಮಿಕ್ ಇಡಬ್ಯಾಡ್ರಿ, ಬೇಕಾದಾಗ ಹೊರಗಿನಿಂದ ತರಿಸ್ರಿ. ಆಂಪೂಲ್ ಒಡೆಯೂ ಮುಂಚೆ ಇಬ್ಬರು ಹೆಸರು ಜೋರಾಗಿ ಓದಬೇಕು, ಒಡೆದ ಆಂಪೂಲ್ ಕೇಸ್ ಮುಗಿಯೂತನಕ ಟ್ರೇದಾಗೇ ಇರಬೇಕು.

ಪಿಜಿ ಮೂರನೇ ವರ್ಷ

ಮೇಡಂ, ಸರ್, ಒಂದು ಪ್ರಶ್ನೆ. ಎಂಡಿ ಆದ ಕೂಡಲೇ ಡಿಎಂಗೆ ಹೋಗಬೇಕಾ, ಒಂದು ವರ್ಷದ ಫೆಲೋಶಿಪ್ ಸಾಕಾ? ನರದ ಕಡೆ ಒಲವಿದೆ, ಆದರೆ ಊರು ಶಿವಮೊಗ್ಗ ಕಡೆ.

ಎಚ್ಚರದ ಮೆದುಳು

ಮೊದಲು ಒಂದು ವರ್ಷ ಎಲ್ಲ ಬಗೆಯ ಕೇಸ್ ಬರುವ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ಆಗಿ ಕೆಲಸ ಮಾಡಿ. ಮೂರು ವರ್ಷ ಬರೀ ಮೆದುಳಿನ ಕೇಸ್ ಮಾಡಿದ ಮೇಲೆ ರಾತ್ರಿ 2ಕ್ಕೆ ಕರುಳು ತೂತಾದ ವೃದ್ಧರು ಬಂದರೆ ಕೈ ನಡುಗಬಾರದು. ಡಿಎಂ ಬೇಕಾಗುವುದು ಬೋಧನಾ ಹುದ್ದೆಗೆ, ದೊಡ್ಡ ನರ ಕೇಂದ್ರಕ್ಕೆ. ಊರಿನ ಆಸ್ಪತ್ರೆಯಲ್ಲಿ ತಲೆಗಾಯ, ಬೆನ್ನುಮೂಳೆ, ಪಾರ್ಶ್ವವಾಯುವಿನ ಕೇಸ್ ಚೆನ್ನಾಗಿ ಮಾಡುವುದಕ್ಕೆ ಒಳ್ಳೆಯ ಕಡೆ ಮಾಡಿದ ಒಂದು ವರ್ಷದ ಫೆಲೋಶಿಪ್ ಸಾಕು.

ನರದಲ್ಲಿ ಬೇರೆ ಕೈ ಯಾಕೆ ಬೇಕು ಅನ್ನುವುದಕ್ಕೆ ಎರಡು ಕೆಲಸ ಹತ್ತಿರದಿಂದ ತೋರಿಸುತ್ತೇನೆ.

ಒಂದು, ಎಚ್ಚರವಿಟ್ಟು ಮಾಡುವ ಮೆದುಳಿನ ಆಪರೇಷನ್. ತಲೆಬುರುಡೆಯ ಚರ್ಮಕ್ಕೆ ಪ್ರತಿ ಬದಿ ಆರು ನರ: ಹುಬ್ಬಿನ ಮೇಲೆ ಎರಡು, ಕಣ್ಣಿನ ಹೊರಬದಿಗೆ ಒಂದು, ಕಿವಿಯ ಮುಂದೆ ಒಂದು, ತಲೆ ಹಿಂಬದಿಗೆ ದೊಡ್ಡದು ಚಿಕ್ಕದು ಎರಡು. ಇವಕ್ಕೆ ಜೋಮು ಹಿಡಿಸುವ ಇಂಜೆಕ್ಷನ್ (ಬ್ಲಾಕ್) ತಲಾ 3 ಮಿಲಿ ಅಂದರೆ ಎರಡೂ ಬದಿ ಸೇರಿ 36 ಮಿಲಿ. ಶೇ 0.25 ಬುಪಿವಕೇನ್ ಆದರೆ 90 ಮಿಗ್ರಾಂ, 60 ಕೆಜಿಯವರಿಗೆ ಕೆಜಿಗೆ 2 ಮಿಗ್ರಾಂ ಮಿತಿಯೊಳಗೆ. ಅದೇ ಶೇ 0.5 ತುಂಬಿಕೊಂಡರೆ 180 ಮಿಗ್ರಾಂ, ಮಿತಿ ದಾಟಿತು. ತಲೆಚರ್ಮದಲ್ಲಿ ರಕ್ತ ಓಡಾಟ ಹೆಚ್ಚು, ಔಷಧ ಬೇಗ ರಕ್ತಕ್ಕೆ ಹೋಗುತ್ತೆ, ಅದಕ್ಕೇ ಅಡ್ರಿನಾಲಿನ್ ಬೆರೆಸುವುದು. ಕಿವಿಯ ಮುಂದಿನ ನರದ ಪಕ್ಕದಲ್ಲೇ ಅಪಧಮನಿ ಮಿಡಿಯುತ್ತೆ. ಬೆರಳಿಟ್ಟು ನೋಡಿ, ಸೂಜಿ ಹಿಂದಕ್ಕೆಳೆದು ನೋಡಿ, ಆಳಕ್ಕೆ ಹೋಗಬೇಡಿ. ಆಳಕ್ಕೆ ಹೋದರೆ ಮುಖದ ನರ ಜೋಮು ಹಿಡಿದು, ಅರ್ಧ ಮುಖ ಸೊಟ್ಟಗಾಗಿದ್ದು ಆಪರೇಷನ್‌ನಿಂದಲೋ ಬ್ಲಾಕ್‌ನಿಂದಲೋ ಗೊತ್ತಾಗದೆ ಎಲ್ಲರೂ ಗಾಬರಿ ಆಗ್ತಾರೆ. ಮೆದುಳಿಗೆ ಕರೆಂಟ್ ಕೊಟ್ಟು ಪರೀಕ್ಷಿಸುವಾಗ ಫಿಟ್ಸ್ ಬಂದರೆ ಮೊದಲ ಮದ್ದು ತಣ್ಣಗಿನ ಸಲೈನ್, ಸರ್ಜನ್ ನೇರ ಮೆದುಳಿನ ಮೇಲೆ ಹೊಯ್ಯಬೇಕು. ಅದು ಫ್ರಿಜ್‌ನಿಂದ ಬಂದು ಟ್ರೇ ಮೇಲೆ ಕೂತಿದೆಯಾ ಅಂತ ಬುರುಡೆ ತೆಗೆಯುವ ಮುಂಚೆಯೇ ಕೇಳಿ.

ಎರಡು, ಬೆನ್ನುಹುರಿ ಆಪರೇಷನ್‌ನಲ್ಲಿ ಎಂಇಪಿ (ಮೆದುಳಿಗೆ ಕರೆಂಟ್ ಕೊಟ್ಟಾಗ ಕೈಕಾಲಿನ ಸ್ನಾಯುವಿಗೆ ಬರುವ ಸಿಗ್ನಲ್) ನೋಡುವುದು. ಟ್ಯೂಬ್ ಹಾಕಲು ಕೊಟ್ಟ ಸ್ನಾಯು ಸಡಿಲಿಸುವ ಔಷಧವೇ ಕೊನೆಯದು, ಮತ್ತೆ ಕೊಡುವಂತಿಲ್ಲ. ಗ್ಯಾಸ್ ಕೊಡುವುದೇ ಆದರೆ ಅರ್ಧ ಮ್ಯಾಕ್ (ಗ್ಯಾಸ್ ಪ್ರಮಾಣದ ಅಳತೆ) ಒಳಗೆ, ಒಳ್ಳೆಯದೆಂದರೆ ಪ್ರೊಪೊಫಾಲ್ ಇನ್‌ಫ್ಯೂಷನ್. ಕರೆಂಟ್ ಕೊಟ್ಟಾಗಲೆಲ್ಲ ದವಡೆ ಕಚ್ಚುತ್ತೆ, ಗಾಜ್ ಸುರುಳಿಯನ್ನು ಎರಡೂ ಬದಿ ದವಡೆಹಲ್ಲುಗಳ ನಡುವೆ ಇಡಿ, ಮುಂದೆ ಇಟ್ಟರೆ ನಾಲಿಗೆ ಕತ್ತರಿಸುತ್ತೆ. ಸಿಗ್ನಲ್ ಬಿದ್ದರೆ ಸರ್ಜನ್ ಕೈ ನಿಲ್ಲಿಸಲಿ, ನೀವು ಸರಾಸರಿ ಬಿಪಿ 85ರ ಮೇಲೆ ಏರಿಸಿ, ಗ್ಯಾಸ್ ಏರಿದೆಯಾ, ಮೈ ತಣ್ಣಗಾಗಿದೆಯಾ, ಹಿಮೋಗ್ಲೋಬಿನ್ ಎಷ್ಟು, ತೋಳು ಕೆಳಗೆ ಒತ್ತಿಕೊಂಡಿದೆಯಾ ನೋಡಿ. ತೋಳಿನ ಸಿಗ್ನಲ್ ಮಾತ್ರ ಬಿದ್ದಿದ್ದರೆ ಎಷ್ಟೋ ಸಲ ಕಾರಣ ಕೈಯಿಟ್ಟ ಭಂಗಿ.

ಪುಟ್ಟ ಟ್ಯೂಬು

ಮಕ್ಕಳಲ್ಲಿ ಅನುಭವಕ್ಕೆ ಬೆಲೆ ಎಷ್ಟು ಅನ್ನುವುದಕ್ಕೆ ಅಂಕಿಯೇ ಇದೆ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ ನಡೆದ ಅಪ್ರಿಕಾಟ್ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಅರಿವಳಿಕೆ ಹೊತ್ತಿನ ಗಂಭೀರ ತೊಂದರೆ ಶೇ 5.2. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಅರಿವಳಿಕೆ ಕೊಡುವವರ ಒಂದೊಂದು ವರ್ಷದ ಅನುಭವಕ್ಕೂ ಉಸಿರಾಟದ ತೊಂದರೆ ಶೇ 1, ಹೃದಯ-ರಕ್ತನಾಳದ ತೊಂದರೆ ಶೇ 2ರಷ್ಟು ಇಳಿಯುತ್ತಾ ಹೋಗುತ್ತೆ.

ಎಳೆಗೂಸಿನ ಶ್ವಾಸನಾಳ ನಾಲ್ಕೈದು ಸೆಂಟಿಮೀಟರ್ ಅಷ್ಟೇ. ಟ್ಯೂಬ್ ಭದ್ರ ಮಾಡಿದ ಮೇಲೂ ಗದ್ದ ಎದೆಗೆ ಬಂದರೆ ಟ್ಯೂಬ್ ಒಳಕ್ಕೆ ಹೋಗಿ ಬಲ ಶ್ವಾಸಕೋಶಕ್ಕೆ ಇಳಿಯುತ್ತೆ, ಕತ್ತು ಹಿಂದಕ್ಕೆ ಬಾಗಿದರೆ ಹೊರಗೆ ಬರುತ್ತೆ. ಮಗುವಿನ ಮೂಗು ಹೋದತ್ತ ಟ್ಯೂಬು. ಸರ್ಜನ್ ತಲೆ ತಿರುಗಿಸಿದ ಪ್ರತಿ ಸಲವೂ ಎರಡೂ ಬದಿ ಸ್ಟೆತಾಸ್ಕೋಪ್ ಇಡಿ.

ಪ್ಯಾರಾಸಿಟಮಾಲ್ ಬಾಟಲಿಯಲ್ಲಿ ಮಿಲಿಗೆ 10 ಮಿಗ್ರಾಂ. 5 ಕೆಜಿ ಮಗುವಿಗೆ ಕೆಜಿಗೆ 15ರಂತೆ 75 ಮಿಗ್ರಾಂ, ಅಂದರೆ 7.5 ಮಿಲಿ. "75" ಅಂತ ಬರೆದದ್ದನ್ನು ಮಿಲಿ ಅಂದುಕೊಂಡರೆ ಹತ್ತು ಪಟ್ಟು. ಚಿಕ್ಕ ಮಕ್ಕಳಿಗೆ ಬಾಟಲಿ ನೇತುಹಾಕಲೇಬೇಡಿ, ಬೇಕಾದಷ್ಟನ್ನೇ ಸಿರಿಂಜಿಗೆ ಎಳೆದು ಪಂಪಿನಲ್ಲಿ ಕೊಡಿ. ನವಜಾತ ಶಿಶುವಿಗೆ ಇದರ ಅರ್ಧ.

ಗಂಟಲ ಬಾಗಿಲು ಕಚ್ಚಿಕೊಂಡರೆ ಶೇ 100 ಆಮ್ಲಜನಕ, ಮಾಸ್ಕ್ ಬಿಗಿ, ದವಡೆ ಮುಂದಕ್ಕೆ, ಪ್ರೊಪೊಫಾಲ್. ಬಿಡದಿದ್ದರೆ ಸಕ್ಸಿನೈಲ್‌ಕೋಲಿನ್ ಕೆಜಿಗೆ 1ರಿಂದ 2 ಮಿಗ್ರಾಂ ಶಿರೆಗೆ, ಲೈನ್ ಇಲ್ಲದಿದ್ದರೆ ಕೆಜಿಗೆ 4 ಮಿಗ್ರಾಂ ತೊಡೆಗೆ, ಅಟ್ರೊಪಿನ್ ಕೈಯಲ್ಲಿರಲಿ. ತಿಂಗಳು ತುಂಬದೆ ಹುಟ್ಟಿದ ಮಗು ಹರ್ನಿಯಾಗೆ ಬಂದರೆ ಗರ್ಭದಲ್ಲಿದ್ದ ವಾರ ಮತ್ತು ಹುಟ್ಟಿದ ಮೇಲಿನ ವಾರ ಕೂಡಿಸಿ. 60 ವಾರದೊಳಗಿದ್ದರೆ ಅದೇ ದಿನ ಮನೆಗೆ ಕಳಿಸಬೇಡಿ, ರಾತ್ರಿ ಉಸಿರು ನಿಲ್ಲಬಹುದು. ಈ ಲೆಕ್ಕ ಉಪವಿಭಾಗದವರಿಗಷ್ಟೇ ಗೊತ್ತಿದ್ದರೆ ಸಾಲದು, ಅಡ್ಮಿಷನ್ ಕೌಂಟರ್‌ವರೆಗೂ ಗೊತ್ತಿರಬೇಕು.

ಓಟಿ ಟೆಕ್ನಿಷಿಯನ್

ಡಾಕ್ಟರು ಬೇರೆಬೇರೆ ಆದರೂ ಟ್ರಾಲಿ ಒಂದೇ ಥರ ಇರಲಿ ಅಂತ ನಮ್ಮ ಕೋರಿಕೆ. ಉಪವಿಭಾಗ ಆದ ಕಡೆ ಒಬ್ಬೊಬ್ಬರು ಒಂದೊಂದು ಡ್ರಾಯರ್ ಬದಲಿಸುತ್ತಾರೆ, ರಾತ್ರಿ ಬಂದವರಿಗೆ ಬೂಜಿ (ಟ್ಯೂಬ್ ಹಾಕಲು ದಾರಿ ತೋರುವ ಕಡ್ಡಿ) ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಮೇಲಿನ ಎರಡು ಡ್ರಾಯರ್ ಎಲ್ಲ ಓಟಿಯಲ್ಲೂ ಒಂದೇ, ಅಂದರೆ ಉಸಿರುದಾರಿ ಮತ್ತು ತುರ್ತು ಔಷಧ. ಕೆಳಗಿನವು ಬೇಕಾದರೆ ವಿಭಾಗದ ಇಷ್ಟ.

ಇನ್ನೊಂದು ಶೇ 20 ಲಿಪಿಡ್ (ಕೊಬ್ಬಿನ ದ್ರಾವಣ). ಬ್ಲಾಕ್ ಔಷಧ ರಕ್ತಕ್ಕೆ ಹೋಗಿ ಹೃದಯ ನಿಂತರೆ ಕೆಜಿಗೆ 1.5 ಮಿಲಿ ಒಮ್ಮೆಗೆ, ಆಮೇಲೆ ನಿಮಿಷಕ್ಕೆ ಕೆಜಿಗೆ 0.25 ಮಿಲಿ. 70 ಕೆಜಿಯವರಿಗೆ ಮೊದಲು 105 ಮಿಲಿ, ನಂತರ ನಿಮಿಷಕ್ಕೆ 17.5. 250 ಮಿಲಿ ಬಾಟಲಿ ಒಂದೇ ಇಟ್ಟಿದ್ದರೆ ಮೊದಲ ಡೋಸ್ ಆದ ಎಂಟೇ ನಿಮಿಷಕ್ಕೆ ಖಾಲಿ. ಗರಿಷ್ಠ ಮಿತಿ ಕೆಜಿಗೆ 12 ಮಿಲಿ, ಅಂದರೆ 840. ಆದ್ದರಿಂದ ಬ್ಲಾಕ್ ಟ್ರಾಲಿಯಲ್ಲಿ ಎರಡು, ಫಾರ್ಮಸಿಯಲ್ಲಿ ಇನ್ನೆರಡು, ಎಕ್ಸ್‌ಪೈರಿ ತಿಂಗಳಿಗೊಮ್ಮೆ ನೋಡಬೇಕು. ಬಾಟಲಿ ಕತ್ತಿಗೆ ಡೋಸ್ ಚೀಟಿ ಕಟ್ಟಿಡಿ. ಪ್ರೊಪೊಫಾಲ್ ಕೂಡ ಬೆಳ್ಳಗೇ ಇದೆ ಅಂತ ಅದರ ಬದಲಿಗೆ ಕೊಡುವ ಮಾತೇ ಬೇಡ, ಬಿಪಿ ಇನ್ನೂ ಬೀಳುತ್ತೆ.

ನರದ ಬುಡ

ಟೆಕ್ನಿಷಿಯನ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಲಿಪಿಡ್ ಕೊಡುವಾಗ ಅಡ್ರಿನಾಲಿನ್ ಮಾಮೂಲಿ 1 ಮಿಗ್ರಾಂ ಅಲ್ಲ, ಕೆಜಿಗೆ 1 ಮೈಕ್ರೋಗ್ರಾಂ ಒಳಗೆ.

ಬ್ಲಾಕ್ ಈಗ ಬೇರೆಯೇ ಕ್ಷೇತ್ರ. ಬೆನ್ನಿನ ಸ್ನಾಯುವಿನ ಅಡಿಯ ಇಎಸ್‌ಪಿ ಬ್ಲಾಕ್ ಮೊದಲು ಬರಹಕ್ಕೆ ಬಂದದ್ದು 2016ರಲ್ಲಿ, ಸೊಂಟದ ಕೀಲಿಗೆ ಕೊಡುವ ಪೆಂಗ್ ಬ್ಲಾಕ್ 2018ರಲ್ಲಿ. ಸೊಂಟ ಮುರಿದ ವೃದ್ಧರನ್ನು ಸ್ಪೈನಲ್‌ಗೆ ಕೂರಿಸುವುದೇ ಕಷ್ಟ. ಮುಂಚೆ ಪೆಂಗ್ 20 ಮಿಲಿ ಕೊಟ್ಟು 20 ನಿಮಿಷ ಕಾದರೆ ಬಹಳ ಜನ ಕೂರುತ್ತಾರೆ. ಸೂಜಿ ಸೋಆಸ್ ಸ್ನಾಯುವಿನ ಸ್ನಾಯುರಜ್ಜು ಮತ್ತು ಮೂಳೆಯ ನಡುವೆ ಇರಬೇಕು. ಮೇಲೆಯೇ ನಿಂತರೆ ಔಷಧ ತೊಡೆನರಕ್ಕೆ ಹರಡಿ ಮೊಣಕಾಲು ಸಡಿಲಾಗುತ್ತೆ, ಮರುದಿನ ನಡೆಸಲು ಹೋದ ಫಿಸಿಯೋ ಕೈಯಲ್ಲೇ ರೋಗಿ ಕುಸೀತಾರೆ.

ಭುಜಕ್ಕೆ ಕುತ್ತಿಗೆಯ ಬ್ಲಾಕ್ 20 ಮಿಲಿ ಕೊಟ್ಟರೆ ಆ ಬದಿಯ ವಪೆ (ಉಸಿರಾಟದ ಮುಖ್ಯ ಸ್ನಾಯು) ಹೆಚ್ಚುಕಡಿಮೆ ಎಲ್ಲರಲ್ಲೂ ನಿಲ್ಲುತ್ತೆ. ಆರೋಗ್ಯವಂತರಿಗೆ ಗೊತ್ತೇ ಆಗಲ್ಲ. ವರ್ಷಗಟ್ಟಲೆ ಬೀಡಿ ಸೇದಿದವರಿಗೆ ಅದೇ ರಾತ್ರಿ ವೆಂಟಿಲೇಟರ್. ಅಂಥವರಿಗೆ ಸುಪೀರಿಯರ್ ಟ್ರಂಕ್ ಬ್ಲಾಕ್ (ನರಗುಚ್ಛದ ಮೇಲಿನ ಕವಲಿಗಷ್ಟೇ), ಕಮ್ಮಿ ಮಿಲಿ. ಯಾವ ಬ್ಲಾಕ್ ಅನ್ನುವುದನ್ನು ರೋಗಿ ನೋಡಿ ಆರಿಸಬೇಕು, ಸರ್ಜನ್ ಕೇಳಿದರು ಅಂತಲ್ಲ. ಬದಿ ತಪ್ಪುವುದು ಇನ್ನೂ ನಡೀತಿದೆ. ಸೂಜಿ ಚುಚ್ಚುವ ಕ್ಷಣಕ್ಕೆ ಮುಂಚೆ ಒಮ್ಮೆ ನಿಂತು, ಒಪ್ಪಿಗೆ ಪತ್ರ ಮತ್ತು ಚರ್ಮದ ಮೇಲಿನ ಗುರುತು ಎರಡನ್ನೂ ಓದಿ.

ನಮ್ಮ ದೇಶದ್ದೇ ಒಂದು ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ನೋಂದಣಿಯಾದ ಜಾಗ ಬಿಟ್ಟು ಒಯ್ಯುವಂತಿಲ್ಲ. ನರ್ಸಿಂಗ್ ಹೋಮಿನಿಂದ ನರ್ಸಿಂಗ್ ಹೋಮಿಗೆ ಓಡಾಡುವ ಅರಿವಳಿಕೆ ಡಾಕ್ಟರು ಸ್ವಂತ ಯಂತ್ರ ಚೀಲದಲ್ಲಿ ಹಾಕಿಕೊಂಡು ಹೋಗಲಾಗಲ್ಲ. ಕಾಯ್ದೆ ಬೇಕೇಬೇಕು, ಹೆಣ್ಣುಮಕ್ಕಳ ಜೀವದ ಪ್ರಶ್ನೆ. ಆದ್ದರಿಂದ ಯಂತ್ರ ಆಸ್ಪತ್ರೆಯದ್ದೇ ಆಗಿ, ಅಲ್ಲೇ ನೋಂದಣಿಯಾಗಿ, ಅರಿವಳಿಕೆಯವರ ಹೆಸರೂ ಬಳಕೆದಾರರ ಪಟ್ಟಿಯಲ್ಲಿರಲಿ. ಯಂತ್ರ ಕೊಳ್ಳುವ ಮುಂಚೆಯೇ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಸಿಆರ್ಮ್

ನೋವು ಚಿಕಿತ್ಸೆಗೆ ಬರುವವರಿಗೆ ಎರಡೇ ಮಾತು. ಸಿ-ಆರ್ಮ್‌ಗೆ (ಓಟಿಯ ಎಕ್ಸ್‌ರೇ ಯಂತ್ರ) ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ಸೀಸದ ಏಪ್ರನ್ ಜೊತೆಗೆ ಥೈರಾಯ್ಡ್ ಕಾಲರ್, ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇಲ್ಲದೆ ಶುರುಮಾಡಬೇಡಿ. ಕುತ್ತಿಗೆಯಲ್ಲಿ ನರ ಹೊರಡುವ ಕಿಂಡಿಯ ಮೂಲಕ ಕೊಡುವ ಇಂಜೆಕ್ಷನ್‌ಗೆ ಕಣಗಳಿರುವ ಸ್ಟಿರಾಯ್ಡ್, ಅಂದರೆ ಟ್ರಯಾಮ್ಸಿನೊಲೋನ್, ಮಿಥೈಲ್‌ಪ್ರೆಡ್ನಿಸೊಲೋನ್ ಬೇಡ. ಕಣಗಳು ಅಪಧಮನಿಗೆ ಹೋದರೆ ಬೆನ್ನುಹುರಿಯೋ ಮೆದುಳೋ ಸಾಯುತ್ತೆ. ಡೆಕ್ಸಾಮೆಥಸೋನ್ ಸಾಕು.

ತಾಲ್ಲೂಕು ಓಟಿ (ಧಾರವಾಡ ಕಡೆ)

ಪಂಪಿನ ಪಕ್ಕದ ಸರ್‌ಗೆ ಒಂದು ಪ್ರಶ್ನಿ. ವಾತಜ್ವರದಿಂದ ಮೈಟ್ರಲ್ ಕವಾಟ ಬಿಗಿಯಾದ ಗರ್ಭಿಣಿ, ರಾತ್ರಿ ಸಿಸೇರಿಯನ್. ಆಕಿ ಹೃದಯದವರ ಪೇಷಂಟೋ, ಹೆರಿಗಿಯವರ ಪೇಷಂಟೋ? ನಮ್ಮ ಕಡೆ ಇಂಥಾವ್ರು ಬರ್ತಾನೇ ಇರ್ತಾರ. ದೊಡ್ಡ ಆಸ್ಪತ್ರಿಗೆ ಕಳಿಸಿದ್ರ ಅಲ್ಲಿ ಇಬ್ಬರೂ ಫೋನ್ ಮ್ಯಾಲ ಒಬ್ಬರಿಗೊಬ್ಬರು ತೋರಸ್ತಾರ.

ಪಂಪಿನ ಪಕ್ಕ

ಇಬ್ಬರದ್ದೂ. ಇಂಥ ಕೇಸೇ ಉಪವಿಭಾಗದ ನಿಜವಾದ ಪರೀಕ್ಷೆ. ಅಂದಿನ ಡ್ಯೂಟಿಯಲ್ಲಿರುವವರು ತಲೆಯ ಬಳಿ ನಿಲ್ಲಬೇಕು, ಹೃದಯದವರು ಎಕೋ ಮತ್ತು ಔಷಧಕ್ಕೆ ಪಕ್ಕದಲ್ಲಿರಬೇಕು.

ಕವಾಟ ಬಿಗಿಯಿದ್ದಾಗ ರಕ್ತ ದಾಟಲು ಸಮಯ ಬೇಕು, ಆದ್ದರಿಂದ ನಾಡಿ ಏರಲೇಬಾರದು. 80ರ ಆಸುಪಾಸು ಹಿಡಿಯಿರಿ. ಮೆಟೊಪ್ರೊಲಾಲ್ 1 ಮಿಗ್ರಾಂನಂತೆ, ಇಲ್ಲವೇ ಎಸ್ಮೊಲಾಲ್. ಒಂದೇ ಸಲಕ್ಕೆ 2 ಮಿಲಿ ಸ್ಪೈನಲ್ ಬೇಡ, ಬಿಪಿ ಬಿದ್ದು ನಾಡಿ ಓಡುತ್ತೆ. ಎಪಿಡ್ಯೂರಲ್‌ನಲ್ಲಿ (ಬೆನ್ನಿಗಿಟ್ಟ ಸಣ್ಣ ನಳಿಕೆ) 3ರಿಂದ 5 ಮಿಲಿಯಂತೆ ಸ್ವಲ್ಪಸ್ವಲ್ಪವೇ ಏರಿಸಿ, ಡ್ರಿಪ್ ಕೈಬಿಗಿ ಇರಲಿ. ಬಿಪಿಗೆ ಫಿನೈಲ್‌ಎಫ್ರಿನ್, ಎಫಿಡ್ರಿನ್ ಅಲ್ಲ. ಮಗು ಹೊರಬಂದ ಗಳಿಗೆ ಅಪಾಯದ್ದು: ಕುಗ್ಗಿದ ಗರ್ಭಕೋಶದಿಂದ ಸುಮಾರು ಅರ್ಧ ಲೀಟರ್ ರಕ್ತ ಒಮ್ಮೆಗೇ ಹೃದಯಕ್ಕೆ ಬರುತ್ತೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಫ್ಯೂರೊಸೆಮೈಡ್ 20 ಮಿಗ್ರಾಂ ಎಳೆದಿಟ್ಟಿರಿ. ಆಕ್ಸಿಟೋಸಿನ್ ಡ್ರಿಪ್ಪಿನಲ್ಲಿ ಮಾತ್ರ, ಗರ್ಭಕೋಶ ಕುಗ್ಗಿಸುವ ಬೇರೆ ಔಷಧಗಳಾದ ಮಿಥೈಲ್‌ಎರ್ಗೊಮೆಟ್ರಿನ್ ಮತ್ತು ಕಾರ್ಬೊಪ್ರಾಸ್ಟ್ ಬೇಡ. ಆಮೇಲಿನ ಎರಡು ದಿನ ಹೆಚ್ಚಿನ ನಿಗಾದ ಹಾಸಿಗೆ.

ಕಳಿಸುವ ಮುಂಚೆ ನೀವು ಮಾಡಬೇಕಾದ್ದು: ನಾಡಿ ಇಳಿಸಿ, ಬೆನ್ನೆತ್ತಿ ಕೂರಿಸಿ, ಆಮ್ಲಜನಕ ಹಚ್ಚಿ, ಎಕೋ ಕಾಗದ ಜೊತೆಗೆ ಕಳಿಸಿ.

ಪಾಳಿಪಟ್ಟಿ (ಬೆಂಗಳೂರು)

ಎಲ್ಲರ ಮಾತು ಕೇಳಿದ ಮೇಲೆ 12 ಜನರ ವಿಭಾಗಕ್ಕೆ ಹೀಗೆ ಬರೆದು ನೋಡಿದ್ದೇನೆ.

ಆಸ್ಪತ್ರೆಯೊಳಗಿನ ರಾತ್ರಿ ಪಾಳಿ ಒಂದೇ, ಉಪವಿಭಾಗದ ಭೇದವಿಲ್ಲದೆ 12 ಜನರೂ ಸರದಿಯಲ್ಲಿ. ಮನೆಯಿಂದ ಬರುವ ಎರಡನೇ ಕಾಲ್ ಹೃದಯಕ್ಕೆ ಮಾತ್ರ ಬೇರೆ, ಅದಕ್ಕೆ ನಾಲ್ವರು, ಏಕೆಂದರೆ ಪಂಪ್ ಮತ್ತು ಟಿಇಇ ಎಲ್ಲರಿಂದ ಆಗಲ್ಲ. ಆ ನಾಲ್ವರ ಒಳಪಾಳಿ ಅವರವರ ಹೃದಯದ ಕಾಲ್ ಇಲ್ಲದ ರಾತ್ರಿ ಬೀಳಬೇಕು. ಉಳಿದ ಎಂಟು ಜನರಲ್ಲಿ ಮಕ್ಕಳು, ನರ, ಹೆರಿಗೆ, ಬ್ಲಾಕ್‌ಗೆ ಒಬ್ಬೊಬ್ಬರು ಮುಖ್ಯಸ್ಥರು. ಹಗಲಿನ ಕಷ್ಟದ ಕೇಸ್ ಅವರದ್ದು, ನಿಯಮ ಬರೆಯುವುದು, ಟ್ರಾಲಿ ನೋಡುವುದು, ಉಳಿದವರಿಗೆ ಕಲಿಸುವುದು ಅವರದ್ದು. ರಾತ್ರಿ ಫೋನ್ ಎತ್ತುವುದು ಅವರ ಹೊಣೆ, ಬರುವುದು ಕಡ್ಡಾಯವಲ್ಲ. ಒಂದು ವರ್ಷದೊಳಗಿನ ಮಗು ಮಾತ್ರ ಹೊರತು, ಆಗ ಮಕ್ಕಳ ಅರಿವಳಿಕೆಯ ಮುಖ್ಯಸ್ಥರು ಬರಲೇಬೇಕು, ಅವರು ಊರಲ್ಲಿಲ್ಲದಿದ್ದರೆ ಹತ್ತಿರದ ಮಕ್ಕಳ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮೊದಲೇ ಬರೆದಿರಬೇಕು. ಯಾವುದೇ ಉಪವಿಭಾಗಕ್ಕೆ ನಾಲ್ವರು ಸಿಗುವ ತನಕ ಬೇರೆ ಕಾಲ್ ಬೇಡ.

ಹೃದಯದವರು ತಿಂಗಳಿಗೆ ಎರಡು ದಿನ ಹೆರಿಗೆ ಓಟಿ, ಎರಡು ದಿನ ಸಾಮಾನ್ಯ ಓಟಿ. ನರ, ಮಕ್ಕಳ ವಿಭಾಗಕ್ಕೂ ಹಾಗೆಯೇ. ಇದನ್ನು ಡ್ಯೂಟಿ ಚಾರ್ಟ್‌ನಲ್ಲೇ ಹಾಕಬೇಕು, "ಸಮಯ ಸಿಕ್ಕಾಗ" ಅಂದರೆ ಆಗುವುದಿಲ್ಲ.

ಪುಟ್ಟ ಟ್ಯೂಬು

ಒಂದು ವರ್ಷದ ಗೆರೆ ಸಾಲದು. ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡು ಬರುವವರು ಹೆಚ್ಚಾಗಿ ಒಂದರಿಂದ ಮೂರು ವರ್ಷದವರು, ಬರುವುದೂ ರಾತ್ರಿಯೇ. ಬ್ರಾಂಕೋಸ್ಕೋಪಿಯಲ್ಲಿ ಸರ್ಜನ್ ಮತ್ತು ನಾವು ಒಂದೇ ಶ್ವಾಸನಾಳ ಹಂಚಿಕೊಳ್ಳಬೇಕು. ಅದಕ್ಕೆ ವಯಸ್ಸಿನ ಗೆರೆ ಜೊತೆಗೆ ಕೇಸಿನ ಪಟ್ಟಿಯೂ ಇರಲಿ: ಶ್ವಾಸನಾಳದಲ್ಲಿ ವಸ್ತು, ಟಾನ್ಸಿಲ್ ತೆಗೆದ ಮೇಲಿನ ರಕ್ತಸ್ರಾವ, ತಿಂಗಳು ತುಂಬದೆ ಹುಟ್ಟಿದ ಮಗು. ಈ ಮೂರಕ್ಕೆ ವಯಸ್ಸು ಎಷ್ಟೇ ಇರಲಿ ಇಬ್ಬರು ಅರಿವಳಿಕೆಯವರು ಬೇಕು.

ಪಾಳಿಪಟ್ಟಿ (ಬೆಂಗಳೂರು)

ಸರಿ ಮೇಡಂ, ಸೇರಿಸಿದೆ. ಮೂರರ ಹೆಸರನ್ನೂ ಮಕ್ಕಳ ಮುಖ್ಯಸ್ಥರ ನಂಬರನ್ನೂ ಕ್ಯಾಶುಯಲ್ಟಿ ಫೋನಿನ ಪಕ್ಕದ ಗೋಡೆಗೆ ಅಂಟಿಸಲು ಹೇಳ್ತೀನಿ.